ಕಂಡಕ್ಟರ್ ಹತ್ತಿದ ಮೆಟ್ಟಿಲು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ದವರು. ದಾವಣಗೆರೆಯಿಂದ ಆನಗೋಡು, ಭರಮಸಾಗರದ ಮೇಲೆ ಚಿತ್ರದುರ್ಗಕ್ಕೆ ಬರುವ ಖಾಸಗಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಟಿಕೆಟ್ ಹರಿದರು. ಬಸ್ ಓಡುವಾಗ ಅವರು ಕೂತದ್ದನ್ನು ನಾನು ನೋಡಿದ ನೆನಪಿಲ್ಲ. ಒಂದು ಕೈ ಮೇಲಿನ ಕಂಬಿಗೆ, ಕಂಕುಳಲ್ಲಿ ಚರ್ಮದ ಚೀಲ, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು. ಸ್ಟಾಪ್ ಬಂದರೆ ಮೊದಲು ಇಳಿಯುವವರು ಅವರೇ, 'ರೈಟ್' ಅಂದು ಕೊನೆಗೆ ಹತ್ತುವವರೂ ಅವರೇ. ಸಂತೆ ದಿನ ಹಿಂಬದಿಯ ಏಣಿ ಹತ್ತಿ ಟಾಪಿನ ಮೇಲೆ ಈರುಳ್ಳಿ ಚೀಲ, ಮಂಡಕ್ಕಿ ಮೂಟೆ ಏರಿಸಬೇಕಿತ್ತು. ರಾತ್ರಿ ಮನೆಗೆ ಬಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, 'ಡ್ರೈವರ್ ಪುಣ್ಯವಂತ, ಕೂತು ದುಡೀತಾನೆ' ಅನ್ನೋರು.

ಆ ಪುಣ್ಯ ನಿಜವಾಗಿ ಯಾರ ಕಡೆಗಿತ್ತು ಅಂತ ಲೆಕ್ಕ ಹಾಕಿ ತೋರಿಸಿದ ಒಬ್ಬ ವಿಜ್ಞಾನಿಯನ್ನು ಇವತ್ತು ನೆನೆಯಬೇಕು ಅಂತ ಬಂದಿದ್ದೇನೆ. ಅವರ ಹೆಸರು ಜೆರ್ರಿ ಮಾರಿಸ್. 1910ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಗ್ಲಾಸ್ಗೋದ ಬಡತನದಲ್ಲಿ ಬೆಳೆದು ವೈದ್ಯರಾದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ವೈದ್ಯರಾಗಿ ನಮ್ಮ ದೇಶದಲ್ಲೂ ಇದ್ದರು.

ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಹೆಚ್ಚುತ್ತಾ ಹೋಯಿತು. ಯಾಕೆ ಅಂತ ಗೊತ್ತಿರಲಿಲ್ಲ. ಮಾರಿಸ್ ಉತ್ತರ ಹುಡುಕಿಕೊಂಡು ಹೋದದ್ದು ಲಂಡನ್ನಿನ ಎರಡಂತಸ್ತಿನ ಬಸ್ಸಿಗೆ. ಡ್ರೈವರ್, ಕಂಡಕ್ಟರ್ ಇಬ್ಬರದೂ ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಥರದ ಬದುಕು. ವ್ಯತ್ಯಾಸ ಇದ್ದದ್ದು ಕಾಲಿನ ಕೆಲಸದಲ್ಲಿ. ಡ್ರೈವರ್ ಪಾಳಿಯ ಬಹುಪಾಲು ಕೂತೇ ಇರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ಸುಮಾರು 31,000 ಸಾರಿಗೆ ನೌಕರರ ದಾಖಲೆ ನೋಡಿ, 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವರು ಬರೆದರು: ಕಂಡಕ್ಟರುಗಳಿಗೆ ಈ ಹೃದಯರೋಗ ಕಡಿಮೆ, ಬಂದರೂ ತಡವಾಗಿ ಬರುತ್ತದೆ, ಅಷ್ಟು ಉಗ್ರವಾಗಿರುವುದಿಲ್ಲ.

ನನಗೆ ಮಾರಿಸ್ ಮೇಲೆ ಗೌರವ ಇಮ್ಮಡಿಯಾಗುವುದು ಇದರ ಮುಂದಿನ ಹೆಜ್ಜೆಯಿಂದ. ತಮ್ಮ ಉತ್ತರವನ್ನು ಅವರು ತಾವೇ ಅನುಮಾನಿಸಿದರು. ಮೊದಲೇ ದಪ್ಪ ಇದ್ದವರೇ ಡ್ರೈವರ್ ಕೆಲಸಕ್ಕೆ ಸೇರುತ್ತಿರಬಹುದಲ್ಲ? ಹಾಗಾದರೆ ಮೆಟ್ಟಿಲಿನ ಮಹಿಮೆ ಏನು ಬಂತು? ಇದನ್ನು ತಿಳಿಯಲು ಅವರು ನೌಕರರ ಸಮವಸ್ತ್ರದ ಅಳತೆಗಳನ್ನೇ ತರಿಸಿಕೊಂಡರು. ದರ್ಜಿ ಬರೆದಿಟ್ಟ ಪ್ಯಾಂಟಿನ ಸೊಂಟದ ಸುತ್ತಳತೆ! ಡ್ರೈವರುಗಳ ಸೊಂಟ ದೊಡ್ಡದಿತ್ತು, ನಿಜ. ಅದನ್ನು ಮುಚ್ಚಿಡದೆ 1956ರಲ್ಲಿ ಪ್ರಕಟಿಸಿದರು. ಬಸ್ಸಿಗಷ್ಟೇ ನಿಲ್ಲಲೂ ಇಲ್ಲ. ಟಪಾಲು ಹಂಚುವವರನ್ನೂ ಕಚೇರಿಯಲ್ಲಿ ಕೂತ ಗುಮಾಸ್ತರ ಜೊತೆ 1953ರಲ್ಲೇ ಹೋಲಿಸಿದ್ದರು. ಕೊನೆಗೆ, ಎಲ್ಲರೂ ಕೂತೇ ಕೆಲಸ ಮಾಡುವ ಸುಮಾರು 18,000 ಸರ್ಕಾರಿ ನೌಕರರು ಬಿಡುವಿನಲ್ಲಿ ಏನು ಮಾಡುತ್ತಾರೆ ಅಂತ ಕೇಳಿ, ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸಿದರು. ಬಿರುಸಾದ ವ್ಯಾಯಾಮ ಮಾಡುವವರ ಹೃದಯ ಅಲ್ಲೂ ಗಟ್ಟಿಯಾಗಿತ್ತು. ಒಂದೇ ಪ್ರಶ್ನೆಯ ಹಿಂದೆ ಹೀಗೆ ದಶಕಗಟ್ಟಲೆ ತಾಳ್ಮೆಯಿಂದ ನಡೆಯುವುದು ಅಂದರೆ ತಪಸ್ಸೇ ಸರಿ. 1996ರಲ್ಲಿ ಅಮೆರಿಕದ ವಿಜ್ಞಾನಿ ರಾಲ್ಫ್ ಪಾಫೆನ್‌ಬರ್ಗರ್ ಜೊತೆ ಅವರಿಗೆ ಒಲಿಂಪಿಕ್ ಸಮಿತಿಯ ಕ್ರೀಡಾವಿಜ್ಞಾನ ಪ್ರಶಸ್ತಿ ಬಂತು. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ನಾನು ಶರೀರಕ್ರಿಯಾಶಾಸ್ತ್ರದ ಪಾಠ ಮಾಡುವವಳು. ಪ್ರತಿ ವರ್ಷ ಹೊಸ ಮಕ್ಕಳಿಗೆ ಮಾರಿಸ್ ಕತೆ ಹೇಳುತ್ತೇನೆ. ಡಲ್ಲಾಸಿನ ಪ್ರಯೋಗವನ್ನೂ ಹೇಳುತ್ತೇನೆ. 1966ರಲ್ಲಿ ಅಲ್ಲಿ ಇಪ್ಪತ್ತರ ಪ್ರಾಯದ ಐದು ಜನ ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದ ಹಾಗೆ ಮಲಗಿಸಿದರು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದರೆ, ಮೂವತ್ತು ವರ್ಷದ ವಯಸ್ಸು ಅವರ ದಮ್ಮನ್ನು ಎಷ್ಟು ಕಡಿಮೆ ಮಾಡಿತ್ತೋ ಅದಕ್ಕಿಂತ ಹೆಚ್ಚನ್ನು ಆ ಮೂರು ವಾರದ ಹಾಸಿಗೆ ಕಡಿಮೆ ಮಾಡಿತ್ತು.

ಇದೆಲ್ಲ ಬಾಯಿಪಾಠ ಇದ್ದ ನಾನು ಮನೆಯಲ್ಲಿ ಮಾಡಿದ್ದೇನು? ಐದು ವರ್ಷದ ಹಿಂದೆ ಅಪ್ಪನಿಗೆ ಜ್ವರ ಬಂದು ಸುಸ್ತಾದರು. ನೋಡಿದ ವೈದ್ಯರು ಒಂದು ವಾರ ವಿಶ್ರಾಂತಿ ಅಂದರು. ನಾವು ಪ್ರೀತಿಯಿಂದ ಅದನ್ನು ಎರಡು ತಿಂಗಳು ಮಾಡಿದೆವು. ನೀರು ಕೈಗೆ, ತಟ್ಟೆ ಮಂಚಕ್ಕೆ. 'ನೀವು ಏಳಬೇಡಿ ಅಪ್ಪ, ನಾವಿಲ್ವಾ?' ನಮ್ಮ ಕಡೆ ಹಿರಿಯರಿಗೆ ಮರ್ಯಾದೆ ಅಂದರೆ ಕೂರಿಸುವುದು ತಾನೆ. ಎರಡು ತಿಂಗಳಾದ ಮೇಲೆ ಒಂದು ಸಂಜೆ ಪಡಸಾಲೆಯಲ್ಲಿ ಅವರು ಪ್ಲಾಸ್ಟಿಕ್ ಕುರ್ಚಿಯಿಂದ ಏಳುವುದನ್ನು ನೋಡಿದೆ. ಎರಡೂ ಹಿಡಿಕೆ ಒತ್ತಿ ಹಿಡಿದಿದ್ದರು, ಹೆಬ್ಬೆರಳ ಉಗುರು ಬೆಳ್ಳಗಾಗಿತ್ತು. ಒಮ್ಮೆ ಎದ್ದು ಕುಸಿದರು. ಎರಡನೇ ಸಲವೂ ಕುಸಿದರು. ಮೂರನೇ ಸಲ ನನ್ನ ಕಡೆ ನೋಡಿದರು. ಮೂವತ್ತೊಂದು ವರ್ಷ ಏಣಿ ಹತ್ತಿದ ಕಾಲು ಅದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೆನಪಾದದ್ದು ಬಾಸ್ಟನ್ನಿನ ವೃದ್ಧಾಶ್ರಮದ ಅಧ್ಯಯನ. 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು, 86ರಿಂದ 96 ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದ್ದರು. ತೊಂಬತ್ತರ ಅಜ್ಜ ಅಜ್ಜಿಯರಿಗೆ ಭಾರ! ತರಬೇತಿ ಮುಗಿಸಿದವರ ತೊಡೆಯ ಬಲ ಸರಾಸರಿ 174 ಶೇಕಡಾ ಹೆಚ್ಚಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ತೊಂಬತ್ತರಲ್ಲೂ ಸ್ನಾಯು ಹೇಳಿದ ಮಾತು ಕೇಳುತ್ತದೆ.

ಮರುದಿನ ಕುರ್ಚಿಯನ್ನು ಗೋಡೆಗೆ ಆನಿಸಿ ಇಟ್ಟೆ, ಜಾರದ ಹಾಗೆ. ಪಕ್ಕದಲ್ಲಿ ನಿಂತೆ. ಮೊದಲು ಕೈ ಊರಿಯೇ ಐದು ಸಲ ಏಳುವುದು, ಕೂರುವುದು. ಕೂರುವಾಗ ದೊಪ್ಪೆಂದು ಬೀಳಬಾರದು, ನಿಧಾನ. ಒಂದು ತಿಂಗಳಿಗೆ ಒಂದೇ ಕೈ ಸಾಕಾಯಿತು, ಆಮೇಲೆ ಕೈ ಎದೆಗೆ ಕಟ್ಟಿಕೊಂಡು. ನೀವು ಮನೆಯಲ್ಲಿ ಮಾಡಿಸುವುದಾದರೆ ಎದೆನೋವು, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕೇಳಿ. ಹಿರಿಯರನ್ನು ಒಂಟಿಯಾಗಿ ಬಿಡಬೇಡಿ. ಆರು ತಿಂಗಳಿಗೆ ಅಪ್ಪ ಕುಂದವಾಡ ಕೆರೆಯ ಏರಿಗೆ ಬಂದರು. ಮೊದಲ ದಿನ ಎರಡು ವಿದ್ಯುತ್ ಕಂಬದಷ್ಟು ದೂರ. ನೀರ ಮೇಲೆ ಬೆಳ್ಳಕ್ಕಿ ಹಾರುವುದನ್ನು ನೋಡುತ್ತಾ, 'ನಾಳೆ ಮೂರನೇ ಕಂಬ' ಅಂದರು.

ಈಗ ಅವರಿಗೆ 79. ಈ ಭಾಷಣದ ಧ್ವನಿಮುದ್ರಣಕ್ಕೆ ಚಿತ್ರದುರ್ಗಕ್ಕೆ ಹೊರಟಾಗ, 'ನಾನೂ ಬರ್ತೀನಿ, ಹಳೇ ದಾರಿ' ಅಂತ ಜೊತೆಗೆ ಬಂದರು. ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ಅವರು ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತರು. ಎಳೆಯ ಕಂಡಕ್ಟರ್ ಬಂದು, 'ಅಜ್ಜಾ, ಕೂತ್ಕಳಿ' ಅಂದ.

'ಇರ್ಲಿ ಬಿಡಪ್ಪ,' ಅಂದರು ಅಪ್ಪ. 'ಆನಗೋಡು ಬರ್ಲಿ.'