ಅಡ್ವರ್ಬ್ ಯಾವ ಕ್ರಿಯಾಪದದ ಕಡೆಯದು?

ಕೇಳುಗರೇ, ನಮಸ್ಕಾರ.

2009ರ ಜನವರಿ 20. ವಾಷಿಂಗ್ಟನ್‌ನಲ್ಲಿ ಬರಾಕ್ ಒಬಾಮಾ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಳ್ಳುತ್ತಿದ್ದರು. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಚೀಟಿ ನೋಡದೆ ಹೇಳಿಕೊಡುತ್ತಿದ್ದರು. ಸಂವಿಧಾನದಲ್ಲಿರುವುದು ‘ಐ ವಿಲ್ ಫೇತ್‌ಫುಲಿ ಎಕ್ಸಿಕ್ಯೂಟ್’ ಅಂತ. ರಾಬರ್ಟ್ಸ್ ಬಾಯಲ್ಲಿ ‘ಫೇತ್‌ಫುಲಿ’ ಜಾರಿ ವಾಕ್ಯದ ಕೊನೆಗೆ ಹೋಯಿತು. ಒಬಾಮಾ ಅರೆಗಳಿಗೆ ತಡವರಿಸಿದರು. ಮರುದಿನ, ಯಾವುದಕ್ಕೂ ಇರಲಿ ಅಂತ, ಶ್ವೇತಭವನದಲ್ಲಿ ಇನ್ನೊಂದು ಸಲ ಪ್ರಮಾಣ ಮಾಡಿಸಿದರು.

ನಿಜ ಹೇಳಬೇಕೆಂದರೆ ಅಲ್ಲಿ ಅರ್ಥವೇನೂ ಕೆಟ್ಟಿರಲಿಲ್ಲ. ಇದ್ದದ್ದು ಒಂದೇ ಕೆಲಸ, ‘ಎಕ್ಸಿಕ್ಯೂಟ್’. ಅಡ್ವರ್ಬ್, ಅಂದರೆ ಕೆಲಸ ಹೇಗೆ, ಯಾವಾಗ ಅಂತ ಹೇಳುವ ಪದ, ಎಲ್ಲಿ ನಿಂತರೂ ಅದಕ್ಕೇ ಸೇರುತ್ತದೆ. ತಾಪತ್ರಯ ಶುರುವಾಗುವುದು ವಾಕ್ಯದಲ್ಲಿ ಎರಡು ಕೆಲಸ ಇದ್ದಾಗ. ಒಂದು ಕ್ರಿಯಾಪದ, ಅದರ ಬೆನ್ನಿಗೆ ‘ಟು’ ಇಟ್ಟುಕೊಂಡು ಬರುವ ಇನ್ನೊಂದು. ‘ಡಿಸೈಡೆಡ್ ಟು ಗೋ’, ‘ಪ್ರಾಮಿಸ್ಡ್ ಟು ಪೇ’, ‘ಅಗ್ರೀಡ್ ಟು ಸೆಲ್’. ಈ ಎರಡರಲ್ಲಿ ಅಡ್ವರ್ಬ್ ಯಾರ ಕಡೆಯದು? ಇವತ್ತಿನ ಮಾತು ಅಷ್ಟೇ.

ಒಂದು ಸೈಟಿನ ವ್ಯವಹಾರ ಅಂದುಕೊಳ್ಳಿ. ‘ಹಿ ಅಗ್ರೀಡ್ ಇಮೀಡಿಯೆಟ್ಲಿ ಟು ಸೆಲ್ ದ ಸೈಟ್.’ ಸೈಟ್ ಮಾರುವುದಕ್ಕೆ ತಕ್ಷಣ ಒಪ್ಪಿದ. ಮಾರುವುದು ಯಾವಾಗಲೋ, ಮುಂದಿನ ವರ್ಷವೂ ಆಗಬಹುದು. ಈಗ ಪದವನ್ನು ಕೊನೆಗೆ ಹಾಕಿ. ‘ಹಿ ಅಗ್ರೀಡ್ ಟು ಸೆಲ್ ದ ಸೈಟ್ ಇಮೀಡಿಯೆಟ್ಲಿ.’ ಒಪ್ಪುವುದಕ್ಕೆ ಆರು ತಿಂಗಳು ಸತಾಯಿಸಿರಬಹುದು, ಆದರೆ ಮಾರುವುದು ಕೂಡಲೇ. ಅಡ್ವಾನ್ಸ್ ಕೊಟ್ಟು ಕೂತವರಿಗೆ ಈ ವ್ಯತ್ಯಾಸ ಸಣ್ಣದಲ್ಲ, ಅಲ್ವಾ?

ನಮಗೆ ಇಲ್ಲಿ ಕೈ ತಪ್ಪುವುದಕ್ಕೆ ಕಾರಣ ಇದೆ. ಕನ್ನಡದಲ್ಲಿ ಇಂಥ ಪದ ಕ್ರಿಯಾಪದಕ್ಕಿಂತ ಮುಂಚೆ ಬರುತ್ತದೆ. ‘ಮಾರಲು ತಕ್ಷಣ ಒಪ್ಪಿದ’ ಅಂದರೆ ಸಂಶಯವಿಲ್ಲ. ‘ತಕ್ಷಣ ಮಾರಲು ಒಪ್ಪಿದ’ ಅಂದರೆ ಸ್ವಲ್ಪ ಗೊಂದಲ, ಆದರೆ ಮಾತಿನಲ್ಲಿ ಎಲ್ಲಿ ನಿಲ್ಲಿಸುತ್ತೇವೆ ಅನ್ನುವುದರಿಂದ ಬಗೆಹರಿಯುತ್ತದೆ. ಇಂಗ್ಲಿಷಿನಲ್ಲಿ ಅದೇ ಪದ ಕ್ರಿಯಾಪದದ ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು. ಹಾಗಾಗಿ ಎರಡು ಕ್ರಿಯಾಪದಗಳ ನಡುವೆ ನಿಂತಾಗ ಎರಡೂ ಕಡೆ ಕೈ ಚಾಚುತ್ತದೆ. ಸಂಶಯ ಬಂದರೆ ‘ಹಿ ಇಮೀಡಿಯೆಟ್ಲಿ ಅಗ್ರೀಡ್’ ಅಂತ ಮೊದಲೇ ಹೇಳಿ ಮುಗಿಸುವುದು ಕ್ಷೇಮ.

ಒಂದು ವಿಚಿತ್ರ ಗಮನಿಸಿ. ‘ಶಿ ಸ್ಪೀಕ್ಸ್ ಫ್ಲುಯೆಂಟ್ಲಿ ಇಂಗ್ಲಿಷ್’ ಅನ್ನುವಂತಿಲ್ಲ. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಅಡ್ವರ್ಬ್ ತೂರಿಸಿದರೆ ಇಂಗ್ಲಿಷ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದೇ ಜಾಗದಲ್ಲಿ ‘ಟು’ ಬಂದರೆ ತಕರಾರೇ ಇಲ್ಲ. ‘ಶಿ ಟ್ರೈಡ್ ಹಾರ್ಡ್ ಟು ಲರ್ನ್ ಇಂಗ್ಲಿಷ್.’ ‘ಟ್ರೈಡ್’ ಆದಮೇಲೆ ‘ಹಾರ್ಡ್’ ಆರಾಮಾಗಿ ಕೂತಿದೆ.

ಹಾಗಾದರೆ ‘ಟು’ ಮತ್ತು ಕ್ರಿಯಾಪದದ ನಡುವೆಯೇ ಅಡ್ವರ್ಬ್ ಇಡಬಹುದಾ? ‘ಟು ಇಮೀಡಿಯೆಟ್ಲಿ ಸೆಲ್’? ಇಂಗ್ಲಿಷ್ ಮೇಷ್ಟ್ರುಗಳು ಕೆಂಪು ಗೆರೆ ಎಳೆಯುತ್ತಿದ್ದ ಜಾಗ ಇದು. ಈ ಜಗಳ ಕನ್ನಡದಲ್ಲಿ ಹುಟ್ಟುವುದೇ ಇಲ್ಲ. ‘ಮಾರಲು’, ‘ಮಾರೋಕೆ’ ಅನ್ನುವಲ್ಲಿ ಪ್ರತ್ಯಯ ಪದದ ಬಾಲಕ್ಕೇ ಅಂಟಿಕೊಂಡಿದೆ, ನಡುವೆ ಸೂಜಿಗೂ ಜಾಗವಿಲ್ಲ. ಇಂಗ್ಲಿಷಿನ ‘ಟು’ ಬಿಡಿ ಪದ, ಆದ್ದರಿಂದ ಸಂದು ಇದೆ. ಆ ಸಂದಿನಲ್ಲಿ ಪದ ಇಡುವುದು 14ನೇ ಶತಮಾನದ ಬರಹಗಳಲ್ಲೇ ಸಿಗುತ್ತದೆ. 1864ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿ ಕೆಥೆಡ್ರಲ್ಲಿನ ಡೀನ್, ಅಂದರೆ ಮುಖ್ಯ ಪಾದ್ರಿ, ಹೆನ್ರಿ ಆಲ್ಫೋರ್ಡ್ ಅದು ಇಂಗ್ಲಿಷ್ ಬಲ್ಲವರ ರೂಢಿಯಲ್ಲ ಎಂದು ಆಕ್ಷೇಪ ಎತ್ತಿದರು. ಲ್ಯಾಟಿನ್‌ನಲ್ಲಿ ಇಂಥ ರೂಪ ಒಂದೇ ಪದ, ಒಡೆಯಲು ಆಗುವುದಿಲ್ಲ, ಅದಕ್ಕೇ ಇಂಗ್ಲಿಷಿನಲ್ಲೂ ಒಡೆಯಬಾರದು ಅನ್ನುವ ಕಾರಣ ನೀವು ಕೇಳಿರಬಹುದು. ಆಲ್ಫೋರ್ಡ್ ಲ್ಯಾಟಿನ್ ಮಾತೇ ಎತ್ತಿರಲಿಲ್ಲ. ನನ್ನನ್ನು ಕೇಳಿದರೆ ಈ ನಿಯಮಕ್ಕೆ ಹೆದರಬೇಕಾಗಿಲ್ಲ. ‘ವಿ ಎಕ್ಸ್‌ಪೆಕ್ಟ್ ಪ್ರೈಸಸ್ ಟು ಮೋರ್ ದ್ಯಾನ್ ಡಬಲ್.’ ಬೆಲೆ ದುಪ್ಪಟ್ಟಿಗಿಂತ ಜಾಸ್ತಿ ಆಗಬಹುದು ಅಂತ. ಆ ‘ಮೋರ್ ದ್ಯಾನ್’ ಅನ್ನು ಅಲ್ಲಿಂದ ಎತ್ತಿ ಬೇರೆ ಎಲ್ಲಿ ಇಡುತ್ತೀರಿ? ಜಾಗ ಬದಲಿಸಿದರೆ ವಾಕ್ಯವೇ ಬೀಳುತ್ತದೆ.

ನಿಜವಾಗಿ ಹುಷಾರಾಗಿರಬೇಕಾದ್ದು ‘ನಾಟ್’ ವಿಷಯದಲ್ಲಿ. ಪುಟ್ಟ ಪದ, ಎಡವಟ್ಟು ದೊಡ್ಡದು. ‘ದ ಡಾಕ್ಟರ್ ಡಿಡ್ ನಾಟ್ ಟೆಲ್ ಮಿ ಟು ಈಟ್ ರೈಸ್.’ ಡಾಕ್ಟರ್ ಅನ್ನ ತಿನ್ನಿ ಅಂತ ಹೇಳಲಿಲ್ಲ. ತಿಂದರೆ ಅವರ ಅಭ್ಯಂತರ ಇತ್ತೋ ಇಲ್ಲವೋ, ಈ ವಾಕ್ಯದಿಂದ ಗೊತ್ತಾಗುವುದಿಲ್ಲ. ‘ದ ಡಾಕ್ಟರ್ ಟೋಲ್ಡ್ ಮಿ ನಾಟ್ ಟು ಈಟ್ ರೈಸ್.’ ಈಗ ಅನ್ನ ಬಂದ್, ಮುದ್ದೆಯೇ ಗತಿ. ಸಾಲದ ವಿಷಯದಲ್ಲೂ ಹೀಗೇ. ‘ಐ ಡಿಡ್ ನಾಟ್ ಪ್ರಾಮಿಸ್ ಟು ಪೇ’ ಅಂದರೆ ಕೊಡುತ್ತೇನೆ ಅಂತ ಮಾತು ಕೊಟ್ಟಿರಲಿಲ್ಲ. ‘ಐ ಪ್ರಾಮಿಸ್ಡ್ ನಾಟ್ ಟು ಪೇ’ ಅಂದರೆ ಕೊಡುವುದಿಲ್ಲ ಅಂತಲೇ ಮಾತು ಕೊಟ್ಟಿದ್ದೆ. ಅಂಥ ಮಾತು ಯಾರು ಯಾರಿಗೆ ಕೊಡುತ್ತಾರೋ ದೇವರೇ ಬಲ್ಲ, ಆದರೆ ವ್ಯಾಕರಣ ಅಡ್ಡಿ ಮಾಡುವುದಿಲ್ಲ.

ಎಲ್ಲ ಕ್ರಿಯಾಪದಗಳೂ ಹೀಗೆ ಕಟ್ಟುನಿಟ್ಟಲ್ಲ. ‘ಸೀಮ್’ ತಗೊಳ್ಳಿ. ‘ಹಿ ಡಸಂಟ್ ಸೀಮ್ ಟು ನೋ’, ‘ಹಿ ಸೀಮ್ಸ್ ನಾಟ್ ಟು ನೋ’. ಎರಡೂ ಹೆಚ್ಚುಕಮ್ಮಿ ಒಂದೇ, ಅವನಿಗೆ ಗೊತ್ತಿಲ್ಲ ಅಂತ ಕಾಣುತ್ತದೆ. ‘ವಾಂಟ್’ ಆದರೆ ‘ಐ ಡೋಂಟ್ ವಾಂಟ್ ಟು ಗೋ’ ಅನ್ನುವುದೇ ವಾಡಿಕೆ. ‘ಐ ವಾಂಟ್ ನಾಟ್ ಟು ಗೋ’ ಅಂದರೆ ಕೇಳುವವರು ಹುಬ್ಬೇರಿಸುತ್ತಾರೆ.

ಕೊನೆಗೆ, ನಮ್ಮಲ್ಲಿ ದಿನಾ ಕಿವಿಗೆ ಬೀಳುವ ಒಂದು. ‘ದೇ ಮೇಡ್ ಮಿ ಟು ವೇಟ್.’ ಇಲ್ಲಿ ‘ಟು’ ಬೇಡ. ‘ದೇ ಮೇಡ್ ಮಿ ವೇಟ್’ ಸಾಕು. ‘ಲೆಟ್ ಮಿ ಗೋ’ ಇದ್ದ ಹಾಗೆ. ಆದರೆ ಅದೇ ಮಾತನ್ನು ಕಾಯಿಸಿದವರ ಹೆಸರು ಬಿಟ್ಟು ಹೇಳಿ ನೋಡಿ. ‘ಐ ವಾಸ್ ಮೇಡ್ ಟು ವೇಟ್.’ ಹೊರಗೆ ಹಾಕಿದ್ದ ‘ಟು’ ವಾಪಸ್ ಬಂತು, ಈಗ ಬೇಕೇ ಬೇಕು. ಎಷ್ಟು ಹೊತ್ತು ಕಾಯಿಸಿದರು ಅಂತ ಸೇರಿಸುವುದಾದರೆ ‘ಐ ವಾಸ್ ಮೇಡ್ ಟು ವೇಟ್ ಎಂಡ್‌ಲೆಸ್ಲಿ’. ಸರಿಯಾಗಿ ‘ವೇಟ್’ ಪಕ್ಕದಲ್ಲೇ ಇಡಿ.

ನಮಸ್ಕಾರ.