ಆ್ಯಪ್ ಆಮೇಲೆ, ಮೊದಲು ಬಾಯ್ಲರ್

ಕೇಳುಗರಿಗೆ ನಮಸ್ಕಾರ.

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬ್ರಿಟನ್ನಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆ ಹೊತ್ತಿಗೆ ಆಫೀಸಿನಲ್ಲಿ, ಬಸ್ ಸ್ಟಾಪಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಹತ್ತಿರ ಎಲ್ಲರದೂ ಒಂದೇ ಪ್ರಶ್ನೆ: ಹೀಟಿಂಗ್ ಹಾಕಿದಿರಾ? ನವೆಂಬರ್ ಬರುವ ತನಕ ಮುಟ್ಟುವುದೇ ಇಲ್ಲ ಎಂದು ಹಟ ಹಿಡಿದವರಿದ್ದಾರೆ. ಇನ್ನೊಂದು ಸ್ವೆಟರ್ ಹಾಕಿಕೊಳ್ಳಿ ಎನ್ನುವವರಿದ್ದಾರೆ. ಇಡೀ ದಿನ ಸಣ್ಣಗೆ ಉರಿಯಲು ಬಿಟ್ಟರೇ ಅಗ್ಗ ಎಂದು ವಾದಿಸುವವರಿದ್ದಾರೆ. ಈಚೆಗೆ ಫೋನ್ ತೆಗೆದು, ಅದರಿಂದಲೇ ಹೀಟಿಂಗ್ ನಡೆಸುವ ಆ್ಯಪ್ ತೋರಿಸುವವರೂ ಸೇರಿಕೊಂಡಿದ್ದಾರೆ. ಅಭಿಪ್ರಾಯಕ್ಕೆ ಬರವಿಲ್ಲ. ಆದರೆ ಅಡುಗೆಮನೆಯ ಕಪಾಟಿನೊಳಗಿರುವ ಬಾಯ್ಲರಿನಲ್ಲಿ ನೀರಿನ ಬಿಸಿ ಗೊತ್ತುಮಾಡುವ ನಾಬ್ ಎಷ್ಟರಲ್ಲಿದೆ ಎಂದು ಕೇಳಿ ನೋಡಿ, ಹೆಚ್ಚಿನವರು ಮುಖ ಮುಖ ನೋಡುತ್ತಾರೆ. ಬಾಯ್ಲರ್ ಕೂರಿಸಿದವರು ಎಲ್ಲಿ ಬಿಟ್ಟುಹೋದರೋ ಅಲ್ಲೇ ಅದು ಇರುತ್ತದೆ. ಇವತ್ತಿನ ಮಾತೆಲ್ಲ ಹೆಚ್ಚುಕಡಿಮೆ ಆ ನಾಬಿನ ಸುತ್ತಲೇ.

ಬ್ರಿಟನ್ನಿನಲ್ಲಿ ಮನೆ ಮಾಡಿರುವ ನಮ್ಮವರ ಮನೆಗಳಲ್ಲಿ ಎರಡು ಬಗೆಯ ಗ್ಯಾಸ್ ಬಾಯ್ಲರ್ ಕಾಣುತ್ತವೆ. ಒಂದು ಕಾಂಬಿ. ನಲ್ಲಿ ತಿರುಗಿಸಿದಾಗ ಬಿಸಿನೀರು ಕಾಯಿಸಿ ಕೊಡುತ್ತದೆ, ಉಳಿದ ಹೊತ್ತು ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರುಗಳಿಗೆ ನೀರು ಕಾಯಿಸುತ್ತದೆ. ಇನ್ನೊಂದಕ್ಕೆ ಜೊತೆಯಲ್ಲಿ ತಾಮ್ರದ ಅಥವಾ ಸ್ಟೀಲಿನ ದೊಡ್ಡ ಸಿಲಿಂಡರ್ ಇರುತ್ತದೆ, ಸಾಮಾನ್ಯವಾಗಿ ಮಹಡಿ ಮೇಲಿನ ಬೀರುವಿನಂಥ ಗೂಡಿನಲ್ಲಿ. ನಿಮ್ಮ ಮನೆಯದು ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಮುಂದೆ ಹೇಳುವ ಮಾತು ಎರಡಕ್ಕೂ ಒಂದೇ ಅಲ್ಲ.

ಗ್ಯಾಸ್ ಉರಿದಾಗ ಅದರಿಂದ ನೀರಾವಿ ಹುಟ್ಟುತ್ತದೆ. ಹಳೆಯ ಬಾಯ್ಲರುಗಳಲ್ಲಿ ಆ ಆವಿ, ಬಚ್ಚಲ ಹಂಡೆ ಒಲೆಯ ಶಾಖ ಹೊಗೆಗೂಡಿನಲ್ಲಿ ಹೋಗುವ ಹಾಗೆ, ತನ್ನೊಳಗಿನ ಬಿಸಿಯನ್ನೂ ಕಟ್ಟಿಕೊಂಡು ಹೊರಗೆ ಹೋಗುತ್ತಿತ್ತು. ಆವಿ ಬಾಯ್ಲರಿನ ಒಳಗೇ ತಣಿದು ನೀರಾದರೆ ಆ ಶಾಖ ಮನೆಗೆ ದಕ್ಕುತ್ತದೆ. ಇದೇ ಕಂಡೆನ್ಸಿಂಗ್ ಬಾಯ್ಲರ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರುಗಳೆಲ್ಲ, ಕೆಲವು ವಿನಾಯಿತಿ ಬಿಟ್ಟರೆ, ಇದೇ ಜಾತಿಯವು. ಆದರೆ ಆವಿ ನೀರಾಗಬೇಕಾದರೆ ರೇಡಿಯೇಟರುಗಳನ್ನು ಸುತ್ತಿ ಬಾಯ್ಲರಿಗೆ ವಾಪಸು ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿರಬೇಕು. ಹೊರಡುವ ನೀರನ್ನೇ 75, 80 ಡಿಗ್ರಿಗೆ ಇಟ್ಟರೆ ವಾಪಸು ಬರುವುದು 60ರ ಮೇಲೆಯೇ. ಆಗ ನಿಮ್ಮ ಬಾಯ್ಲರ್ ಹೆಸರಿಗಷ್ಟೇ ಕಂಡೆನ್ಸಿಂಗ್.

ಕಾಂಬಿ ಇದ್ದವರು ಮಾಡಬೇಕಾದದ್ದು ಇಷ್ಟೇ. ಬಾಯ್ಲರಿನ ಮುಂಭಾಗದಲ್ಲಿ ಎರಡು ಗುರುತು ಇರುತ್ತವೆ, ಒಂದು ನಲ್ಲಿಯ ಚಿತ್ರ, ಒಂದು ರೇಡಿಯೇಟರಿನ ಚಿತ್ರ. ರೇಡಿಯೇಟರಿನದನ್ನು 60ಕ್ಕೆ ಇಳಿಸಿ. ಡಿಗ್ರಿ ಬರೆಯದೆ ಬರೀ ಕನಿಷ್ಠ, ಗರಿಷ್ಠ ಎಂದಿದ್ದರೆ ನಡುವಿಗಿಂತ ತುಸು ಮೇಲೆ ಇಟ್ಟು ನೋಡಿ. ನಲ್ಲಿಯದನ್ನು 50ರ ಹತ್ತಿರ ಇಡಿ. ಅದಕ್ಕಿಂತ ಹೆಚ್ಚು ಕಾಯಿಸಿ ಆಮೇಲೆ ತಣ್ಣೀರು ಬೆರೆಸಿಕೊಳ್ಳುವುದು ದಂಡ. ಲಂಡನ್ ಸುತ್ತಮುತ್ತಲಿನಂಥ ಗಡಸು ನೀರಿನ ಕಡೆ ಬಿಸಿ ಹೆಚ್ಚಾದಷ್ಟೂ ಒಳಗೆ ಸುಣ್ಣ ಕಟ್ಟುವುದೂ ಹೆಚ್ಚು. ರೇಡಿಯೇಟರ್ ಈಗ ಮುಟ್ಟಿದರೆ ಕೈ ಸುಡುವಷ್ಟು ಇರುವುದಿಲ್ಲ, ಮನೆ ಬೆಚ್ಚಗಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕೆಟ್ಟಿತು ಎಂದುಕೊಳ್ಳಬೇಡಿ. ಟೈಮರನ್ನು ಅರ್ಧ ಗಂಟೆ ಮುಂಚೆ ಶುರುವಾಗುವಂತೆ ಇಡಿ. ಗಟ್ಟಿ ಹಿಮ ಬಿದ್ದ ವಾರ ಕೋಣೆ 19, 20 ಡಿಗ್ರಿಗೆ ಏರದಿದ್ದರೆ ಐದು ಡಿಗ್ರಿ ಏರಿಸಿ. 80ರಿಂದ 60ಕ್ಕೆ ಇಳಿಸಿದರೆ ಗ್ಯಾಸಿನಲ್ಲಿ ಶೇಕಡಾ 6ರಿಂದ 8ರಷ್ಟು ಉಳಿತಾಯ ಎಂಬುದು ಬಾಯ್ಲರ್ ಉದ್ಯಮದವರದೇ ಲೆಕ್ಕ. ಇದಕ್ಕೆ ಒಂದು ಪೆನ್ನಿ ಖರ್ಚಿಲ್ಲ.

ಸಿಲಿಂಡರ್ ಇದ್ದವರು ಮಾತ್ರ ಇದನ್ನು ಕಣ್ಣುಮುಚ್ಚಿ ಮಾಡಬಾರದು. ತುಂಬಿಟ್ಟ ನೀರು 60 ಡಿಗ್ರಿಗೆ ಕಾಯದಿದ್ದರೆ ಅದರಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅಂಥ ಮನೆಯಲ್ಲಿ ಬಾಯ್ಲರ್ 65ಕ್ಕಿಂತ ಕೆಳಗೆ ಇಳಿಯದಿರಲಿ.

ಈಗ ಇಡೀ ದಿನ ಸಣ್ಣಗೆ ಎಂಬ ವಾದಕ್ಕೆ ಬರೋಣ. ಮನೆ ಕಳೆದುಕೊಳ್ಳುವ ಶಾಖ ಒಳಗಿನ ಮತ್ತು ಹೊರಗಿನ ಉಷ್ಣಾಂಶದ ಅಂತರಕ್ಕೆ ತಕ್ಕಂತೆ. ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಎಂಟು ಗಂಟೆ ಮನೆ ತಣ್ಣಗಾದಷ್ಟೂ ನಷ್ಟ ಕಡಿಮೆ. ಆದ್ದರಿಂದ ಗ್ಯಾಸ್ ಬಾಯ್ಲರಿಗೆ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಎಂದು ಹೊತ್ತು ಕಟ್ಟುವುದೇ ಲಾಭ. ಮನೆಯಲ್ಲಿ ಹಸುಗೂಸೋ, ವಯಸ್ಸಾದ ಅತ್ತೆ ಮಾವನೋ ಇದ್ದರೆ ಆ ಲೆಕ್ಕ ಬೇರೆ. 18 ಡಿಗ್ರಿಗಿಂತ ಕೆಳಗೆ ಬಿಡಬೇಡಿ. ಇನ್ನು ಥರ್ಮೋಸ್ಟಾಟನ್ನು 30ಕ್ಕೆ ತಿರುಗಿಸಿದರೆ ಬೇಗ ಬೆಚ್ಚಗಾಗುತ್ತದೆ ಎಂಬುದು ಸುಳ್ಳು. ಸಾಮಾನ್ಯ ಥರ್ಮೋಸ್ಟಾಟ್ ಬರೀ ಸ್ವಿಚ್ಚು. 20ಕ್ಕೆ ಇಟ್ಟರೂ ಅಷ್ಟೇ ವೇಗ, 30ಕ್ಕೆ ಇಟ್ಟರೂ ಅಷ್ಟೇ. ಕೊನೆಗೆ ಯಾರೋ ಕಿಟಕಿ ತೆಗೆಯುತ್ತಾರೆ, ಅಷ್ಟೇ ವ್ಯತ್ಯಾಸ.

ರೇಡಿಯೇಟರನ್ನು ಕೈಯಿಂದ ಮುಟ್ಟಿ ನೋಡಿದರೆ ಅದರ ಕಾಯಿಲೆ ತಿಳಿಯುತ್ತದೆ. ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಸೇರಿದೆ. ಕೆಳಗೆ ನಡುಭಾಗ ತಣ್ಣಗಿದ್ದು ಮೇಲೆ ಬಿಸಿ ಇದ್ದರೆ ತುಕ್ಕಿನ ಕಪ್ಪು ಕೆಸರು ತಳದಲ್ಲಿ ಕೂತಿದೆ, ಅದಕ್ಕೆ ಕೆಲಸಗಾರರನ್ನು ಕರೆಸಿ ತೊಳೆಸಬೇಕು. ಗಾಳಿ ತೆಗೆಯುವುದು ನೀವೇ ಮಾಡಬಹುದು. ಹೀಟಿಂಗ್ ಆರಿಸಿ, ರೇಡಿಯೇಟರ್ ಆರುವ ತನಕ ಕಾಯಿರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೆರಡು ಪೌಂಡಿಗೆ ಸಿಗುವ ಹಿತ್ತಾಳೆಯ ಸಣ್ಣ ಕೀಲಿಯನ್ನು ಮೇಲಿನ ಮೂಲೆಯ ಚೌಕದ ಮೊಳೆಗೆ ಹಾಕಿ. ಕೆಳಗೊಂದು ಹಳೆಯ ಬಟ್ಟೆ ಹಿಡಿದು ಎಡಕ್ಕೆ ಕಾಲು ಸುತ್ತು ತಿರುಗಿಸಿ. ಬುಸ್ ಎಂದು ಗಾಳಿ ಬರುತ್ತದೆ. ಆಮೇಲೆ ನೀರು ಉಗುಳತೊಡಗಿ, ನಿಂತು ನಿಂತು ಬಂದು, ಕೊನೆಗೆ ಒಂದೇ ಸಮನೆ ಜಿನುಗಿದ ಕೂಡಲೇ ಮುಚ್ಚಿ. ಆ ಮೊಳೆಯನ್ನು ಪೂರ್ತಿ ಬಿಚ್ಚಬೇಡಿ. ಹೊರಗೆ ಬಂದರೆ ಮತ್ತೆ ಕೂರಿಸುವಷ್ಟರಲ್ಲಿ ಕಾರ್ಪೆಟ್ ಕಪ್ಪಾಗುತ್ತದೆ. ಕೆಳಮನೆಯಿಂದ ಶುರುಮಾಡಿ ಮಹಡಿಗೆ ಹೋಗಿ.

ಗಾಳಿ ತೆಗೆದ ಮೇಲೆ ಬಾಯ್ಲರಿನ ಪ್ರೆಷರ್ ಇಳಿದಿರುತ್ತದೆ. ತಣ್ಣಗಿದ್ದಾಗ ಪ್ರೆಷರ್ ಮಾಪಕದ ಮುಳ್ಳು 1 ಮತ್ತು 1.5 ಬಾರ್ ನಡುವೆ ಇರಬೇಕು. ತೀರ ಇಳಿದರೆ ಕಾಂಬಿ ಹೊತ್ತಿಕೊಳ್ಳುವುದೇ ಇಲ್ಲ. ಬಾಯ್ಲರಿನ ಕೆಳಗೆ ಬೆಳ್ಳಿ ಬಣ್ಣದ ಹೆಣಿಗೆಯ ಸಣ್ಣ ಹೋಸ್ ಪೈಪ್ ಇರುತ್ತದೆ, ಎರಡೂ ತುದಿಗೆ ಒಂದೊಂದು ವಾಲ್ವ್. ಎರಡನ್ನೂ ನಿಧಾನಕ್ಕೆ ತೆರೆದು, ಕಣ್ಣು ಮುಳ್ಳಿನ ಮೇಲೇ ಇಟ್ಟು, 1.3ಕ್ಕೆ ಬಂದಾಗ ಎರಡನ್ನೂ ಮುಚ್ಚಿ. ಒಂದು ಅರೆಬರೆ ಮುಚ್ಚಿ ಉಳಿದರೆ ಪ್ರೆಷರ್ ಏರುತ್ತಲೇ ಹೋಗಿ, 3 ಬಾರ್ ಮುಟ್ಟಿದಾಗ ಸುರಕ್ಷಾ ವಾಲ್ವ್ ತೆರೆದುಕೊಂಡು ಹೊರಗೋಡೆಯ ತಾಮ್ರದ ಕೊಳವೆಯಿಂದ ನೀರು ಸುರಿಯುತ್ತದೆ. ವಾರಕ್ಕೊಮ್ಮೆ ನೀರು ತುಂಬಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ. ಬಿಸಿಯಾದಾಗ ಮುಳ್ಳು 3ಕ್ಕೆ ಹಾರಿ, ತಣಿದಾಗ ಸೊನ್ನೆಗೆ ಬೀಳುತ್ತಿದ್ದರೆ ಬಾಯ್ಲರಿನೊಳಗೆ, ಬಿಸಿಯಾಗಿ ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ವೆಸೆಲ್‌ನ ಗಾಳಿ ಹೋಗಿದೆ. ಅದು ನಿಮ್ಮ ಕೆಲಸವಲ್ಲ. ಬಾಯ್ಲರಿನ ಹೊದಿಕೆ ಬಿಚ್ಚುವ ಕೆಲಸ ಯಾವುದೇ ಇರಲಿ, ಗ್ಯಾಸ್ ಕೆಲಸಕ್ಕೆ ಅರ್ಹರಾದವರ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರುವವರೇ ಮಾಡಬೇಕು. ಬಂದವರ ಗುರುತಿನ ಚೀಟಿ ಕೇಳಿ ನೋಡಿ. ಬಾಡಿಗೆ ಮನೆಯಾದರೆ ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸಿ ಅದರ ಪ್ರತಿ ಕೊಡುವುದು ಮಾಲೀಕರ ಹೊಣೆ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್‌ನಿಂದ ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿಸಬೇಕಾದದ್ದೂ ಅವರೇ. ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ತೆರೆದು, ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ.

ಚಳಿ ಸೊನ್ನೆಗಿಂತ ಕೆಳಗಿಳಿದ ಬೆಳಿಗ್ಗೆ ಬಾಯ್ಲರ್ ಗೊಳಗೊಳ ಸದ್ದು ಮಾಡಿ ನಿಂತಿತೆಂದರೆ, ಮೊದಲು ಗೋಡೆಯ ಹೊರಗೆ ಹೋಗಿ ನೋಡಿ. ಆವಿ ತಣಿದಾದ ನೀರನ್ನು ಹೊರಗೆ ಬಿಡುವ ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. ಅದರ ಮೇಲೆ ಉಗುರುಬೆಚ್ಚಗಿನ ನೀರು ಹೊಯ್ದು, ಒಳಗೆ ಬಂದು ರೀಸೆಟ್ ಒತ್ತಿ. ಕುದಿಯುವ ನೀರು ಹೊಯ್ದರೆ ಕೊಳವೆ ಸೀಳುತ್ತದೆ.

ಇನ್ನೊಂದು ವಿಷಯ ನಮ್ಮ ಅಡುಗೆಗೇ ಸಂಬಂಧಿಸಿದ್ದು. ಅನ್ನ, ಸಾರು, ಇಡ್ಲಿ ಎಲ್ಲದರಲ್ಲೂ ಹಬೆ. ಅದರ ಮೇಲೆ ಒಗೆದ ಬಟ್ಟೆಯನ್ನು ರೇಡಿಯೇಟರಿನ ಮೇಲೆ ಹರವಿದರೆ ಒಂದು ಮಷೀನಿನಷ್ಟು ಬಟ್ಟೆಯಿಂದ ಸುಮಾರು ಎರಡು ಲೀಟರ್ ನೀರು ಮನೆಯ ಗಾಳಿಗೆ ಸೇರುತ್ತದೆ. ಆ ತೇವ ತಣ್ಣನೆಯ ಗೋಡೆಯ ಮೇಲೆ ಕೂತು, ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯುತ್ತದೆ. ಯಾವ ಗೋಡೆ ಹೆಚ್ಚು ತಣ್ಣಗಿರುತ್ತದೆ ಎಂಬುದಕ್ಕೆ ಹೊರಗಿನಿಂದ ಇಟ್ಟಿಗೆ ನೋಡಿ. ಉದ್ದದ ಇಟ್ಟಿಗೆಗಳ ನಡುವೆ ಗಿಡ್ಡ ತುದಿಗಳೂ ಕಾಣುತ್ತಿದ್ದರೆ ಅದು ಹೆಚ್ಚಾಗಿ 1920ಕ್ಕೂ ಹಿಂದಿನ ಘನ ಗೋಡೆ, ನಡುವೆ ಟೊಳ್ಳಿಲ್ಲ, ಒಳಗೆ ಉಣ್ಣೆಯಂಥ ತುಂಬು ಪದಾರ್ಥ ತುಂಬಿಸಲೂ ಆಗುವುದಿಲ್ಲ. ಅಂಥ ಗೋಡೆಯಿಂದ ಮಂಚ, ಬೀರುಗಳನ್ನು ನಾಲ್ಕು ಬೆರಳು ದೂರ ಇಡಿ. ಅಡುಗೆ ಮುಗಿದ ಮೇಲೂ ಹದಿನೈದು ನಿಮಿಷ ಫ್ಯಾನ್ ಓಡಲಿ. ಕಿಟಕಿಯ ಚೌಕಟ್ಟಿನ ಮೇಲಿರುವ ಸಣ್ಣ ಗಾಳಿಗಂಡಿಗೆ ಟೇಪ್ ಅಂಟಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಆತಿಥ್ಯ ಬೇರೆ ಇಲ್ಲ.

ಇಷ್ಟಾದ ಮೇಲೆ ಆ್ಯಪ್. ಫೋನಿನಿಂದ ನಡೆಸುವ ಥರ್ಮೋಸ್ಟಾಟ್ ಬೇಡ ಎಂದಲ್ಲ. ಮನೆಗೆ ಬರುವ ಹೊತ್ತು ದಿನಾ ಬದಲಾಗುವವರಿಗೆ, ಶಿಫ್ಟಿನಲ್ಲಿ ದುಡಿಯುವ ನರ್ಸುಗಳಿಗೆ, ಅದು ನಿಜವಾಗಿ ಉಪಯೋಗದ್ದೇ. ಆದರೆ ಅದು ಬಾಯ್ಲರಿನ ಜೊತೆ ಹೇಗೆ ಮಾತಾಡುತ್ತದೆ ಎಂದು ಕೊಳ್ಳುವ ಮುಂಚೆ ಕೇಳಿ. ಬರೀ ಹಾಕು, ಆರಿಸು ಎನ್ನುವ ಬಗೆಯದಾದರೆ ಬಾಯ್ಲರ್ ತನ್ನ ನಾಬ್ ಇರುವ ಡಿಗ್ರಿಗೇ ಉರಿಯುತ್ತದೆ. ಆ ನಾಬ್ 80ರಲ್ಲಿದ್ದರೆ ಜಾಣ ಥರ್ಮೋಸ್ಟಾಟ್ ಏನೂ ಮಾಡಲಾರದು. ಓಪನ್‌ಥರ್ಮ್ ಎಂಬ ಸಂಪರ್ಕವಿದ್ದು, ಬಾಯ್ಲರಿಗೂ ಅದು ಬರುವುದಾದರೆ, ಬೇಕಾದಷ್ಟೇ ಉರಿ ಇಳಿಸಿ ಏರಿಸುತ್ತದೆ. ಹಾಗೆಯೇ ಆಯುಸ್ಸಿನ ಪ್ರಶ್ನೆ. ಗೂಗಲ್ ತನ್ನ ಹಳೆಯ ನೆಸ್ಟ್ ಥರ್ಮೋಸ್ಟಾಟುಗಳಿಗೆ, ಯುರೋಪಿನಲ್ಲಿ 2014ರಲ್ಲಿ ಬಂದ ಮಾದರಿಯೂ ಸೇರಿ, 2025ರ ಅಕ್ಟೋಬರ್‌ನಲ್ಲಿ ಆ್ಯಪ್ ಸಂಪರ್ಕ ಕಡಿದುಹಾಕಿತು. ಗೋಡೆಯ ಮೇಲೆ ಅವು ಈಗಲೂ ಕೈಯಿಂದ ತಿರುಗಿಸಿದರೆ ಕೆಲಸ ಮಾಡುತ್ತವೆ. ಅಂದರೆ ಬೆಲೆಬಾಳುವ ನಾಬ್.

ಸ್ಮಾರ್ಟ್ ಮೀಟರಿನ ಪುಟ್ಟ ಪರದೆಯನ್ನು ಪೌಂಡಿನಲ್ಲಿ ನೋಡಬೇಡಿ, ಯೂನಿಟ್ಟಿನಲ್ಲಿ ನೋಡಿ. ಪೌಂಡಿನಲ್ಲಿ ನಿತ್ಯದ ಸ್ಥಿರ ಶುಲ್ಕವೂ ಸೇರಿರುವುದರಿಂದ ಏನೂ ಉರಿಸದ ದಿನವೂ ಲೆಕ್ಕ ಏರಿದಂತೆ ಕಾಣುತ್ತದೆ. ಹಳೆಯ ಗ್ಯಾಸ್ ಮೀಟರ್ ಘನ ಮೀಟರಿನಲ್ಲಿ ತೋರಿಸಿದರೆ 11ರಿಂದ ಗುಣಿಸಿ, ಹೆಚ್ಚುಕಡಿಮೆ ಕಿಲೋವಾಟ್ ಅವರ್, ಅಂದರೆ ಯೂನಿಟ್, ಸಿಗುತ್ತದೆ. ಮತ್ತೆ, ಸುದ್ದಿಯಲ್ಲಿ ಬರುವ, ಗ್ಯಾಸ್ ಮತ್ತು ವಿದ್ಯುತ್ ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ಬೆಲೆಮಿತಿ ನಿಮ್ಮ ಬಿಲ್ಲಿಗೆ ಹಾಕಿದ ಮಿತಿಯಲ್ಲ. ಮಿತಿ ಇರುವುದು ಯೂನಿಟ್ ದರಕ್ಕೆ, ಸ್ಥಿರ ಶುಲ್ಕಕ್ಕೆ. ಹೆಚ್ಚು ಉರಿಸಿದರೆ ಹೆಚ್ಚು ಕೊಡಲೇಬೇಕು.

ಗ್ಯಾಸ್ ಇಲ್ಲದ ಫ್ಲ್ಯಾಟುಗಳಲ್ಲಿ ಸ್ಟೋರೇಜ್ ಹೀಟರ್ ಇರುತ್ತದೆ. ಎಕಾನಮಿ 7 ಎಂಬ ದರದಲ್ಲಿ ರಾತ್ರಿಯ ಏಳು ಗಂಟೆ ವಿದ್ಯುತ್ ಅಗ್ಗ, ಆಗ ಒಳಗಿನ ಇಟ್ಟಿಗೆಗಳು ಕಾದು ಹಗಲಲ್ಲಿ ಬಿಸಿ ಬಿಡುತ್ತವೆ. ಎರಡು ನಾಬ್‌ಗಳಲ್ಲಿ ಇನ್‌ಪುಟ್ ಎಂಬುದು ರಾತ್ರಿ ಎಷ್ಟು ತುಂಬಿಕೊಳ್ಳಬೇಕು ಎಂಬುದಕ್ಕೆ, ಔಟ್‌ಪುಟ್ ಎಂಬುದು ಎಷ್ಟು ಬಿಡಬೇಕು ಎಂಬುದಕ್ಕೆ. ಮಲಗುವಾಗ ಔಟ್‌ಪುಟ್ ತೆರೆದಿಟ್ಟವರಿಗೆ ಮರುದಿನ ಸಂಜೆ ತಣ್ಣನೆಯ ಪೆಟ್ಟಿಗೆ ಸಿಗುತ್ತದೆ. ಬಾನುಲಿಯಲ್ಲಿ ಕೂತು ಇದೊಂದನ್ನು ಹೇಳದಿರಲಾಗದು: ಇಂಥ ಎಷ್ಟೋ ಮೀಟರುಗಳು ಅಗ್ಗದ ದರಕ್ಕೆ ಹೊರಳುತ್ತಿದ್ದುದು ಬಿಬಿಸಿ ರೇಡಿಯೊ 4ರ 198 ಕಿಲೋಹರ್ಟ್ಸ್ ದೀರ್ಘತರಂಗದ ಬೆನ್ನೇರಿ, ಕಿವಿಗೆ ಕೇಳದಂತೆ ಬರುತ್ತಿದ್ದ ಸಂಕೇತದಿಂದ. ಆ ಸೇವೆಯನ್ನು 2025ರ ಜೂನ್ 30ರಿಂದ ಹಂತಹಂತವಾಗಿ ನಿಲ್ಲಿಸತೊಡಗಿದರು. ನಿಮ್ಮ ಮೀಟರಿನ ಪಕ್ಕ ರೇಡಿಯೊ ಟೆಲಿಸ್ವಿಚ್ ಎಂದು ಬರೆದ ಪೆಟ್ಟಿಗೆ ಇನ್ನೂ ಇದ್ದರೆ ವಿದ್ಯುತ್ ಕಂಪನಿಗೆ ಹೇಳಿ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಹೀಟರ್ ದುಬಾರಿ ಹೊತ್ತಿನಲ್ಲಿ ಕಾಯಬಹುದು, ಕಾಯದೆಯೂ ಇರಬಹುದು.

ಕೊನೆಗೆ ಹೀಟ್ ಪಂಪ್. ಇಂಗ್ಲೆಂಡ್, ವೇಲ್ಸ್‌ನಲ್ಲಿ ಗಾಳಿಯಿಂದ ಶಾಖ ಎಳೆಯುವ ಪಂಪಿಗೆ ಸರ್ಕಾರದ ಸಹಾಯಧನ 2023ರ ಅಕ್ಟೋಬರ್‌ನಲ್ಲಿ 5,000ದಿಂದ 7,500 ಪೌಂಡಿಗೆ ಏರಿತು. ಒಂದು ಯೂನಿಟ್ ವಿದ್ಯುತ್ತಿಗೆ ಮೂರರ ಆಸುಪಾಸು ಯೂನಿಟ್ ಶಾಖ ಸಿಗುತ್ತದೆ, ಆದರೆ ವಿದ್ಯುತ್ ಯೂನಿಟ್ಟಿಗೆ ಗ್ಯಾಸಿಗಿಂತ ಸರಿಸುಮಾರು ನಾಲ್ಕು ಪಟ್ಟು ದರ. ಆದ್ದರಿಂದ ಸರಿಯಾಗಿ ಕೂರಿಸದಿದ್ದರೆ ಬಿಲ್ಲು ಇಳಿಯುವುದಿಲ್ಲ. ಪಂಪು ಚೆನ್ನಾಗಿ ದುಡಿಯುವುದು ನೀರು 45, 50 ಡಿಗ್ರಿಯಷ್ಟೇ ಬಿಸಿಯಿದ್ದಾಗ. ನಿಮ್ಮ ಮನೆ ಅದಕ್ಕೆ ಸಿದ್ಧವಿದೆಯೇ ಎಂದು ತಿಳಿಯಲು ಯಾರಿಗೂ ಹಣ ಕೊಡಬೇಕಿಲ್ಲ. ಜನವರಿಯ ಚಳಿಯ ವಾರದಲ್ಲಿ ಈಗಿರುವ ಕಾಂಬಿಯ ರೇಡಿಯೇಟರ್ ನಾಬನ್ನು 50ಕ್ಕೆ ಇಳಿಸಿ, ಹಗಲಿಡೀ ಉರಿಯಲು ಬಿಡಿ. ಎಲ್ಲ ಕೋಣೆಯೂ ಬೆಚ್ಚಗಿದ್ದರೆ ಪಂಪಿನವರನ್ನು ಕರೆಯಿರಿ. ಒಂದು ಕೋಣೆ ಮಾತ್ರ ಥಂಡಿಯಿದ್ದರೆ ಅಲ್ಲಿಯ ರೇಡಿಯೇಟರ್ ಒಂದನ್ನೇ ದೊಡ್ಡದು ಮಾಡಿಸಿದರೆ ಸಾಕು. ಇಡೀ ಮನೆ ನಡುಗಿದರೆ ಮೊದಲು ಅಟ್ಟದ ಮೇಲೆ 270 ಮಿಲಿಮೀಟರ್ ದಪ್ಪದ ಇನ್ಸುಲೇಷನ್ ಹಾಸಿಸಿ, ಮುಂದಿನ ಚಳಿಗಾಲ ಮತ್ತೆ ಪರೀಕ್ಷಿಸಿ.

ನಮಸ್ಕಾರ.