ಮಾನಿಟರಿಗಿಂತ ಮೊದಲು ಮಗುವನ್ನು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಎಂದರೆ ಆಸ್ಪತ್ರೆಯಲ್ಲಿ ಎಲ್ಲರೂ ಎನ್‌ಐಸಿಯು ಎಂದು ಕರೆಯುವ ವಿಭಾಗದಲ್ಲಿ, ಶುಶ್ರೂಷಕಿಯ ಕೆಲಸ ಹೇಗಿರುತ್ತದೆ ಎಂಬುದನ್ನು ತಿಳಿಸಲು ನನ್ನನ್ನು ಕರೆದಿದ್ದಾರೆ. ಈಗ ಕೇಳುತ್ತಿರುವವರಲ್ಲಿ ನರ್ಸಿಂಗ್ ಓದುತ್ತಿರುವ ವಿದ್ಯಾರ್ಥಿಗಳು ಇರಬಹುದು, ಮಗುವನ್ನು ಒಳಗೆ ಬಿಟ್ಟು ಬಾಗಿಲ ಹೊರಗೆ ಕಾದು ಕುಳಿತಿರುವ ತಂದೆತಾಯಿಯರೂ ಇರಬಹುದು. ಇಬ್ಬರಿಗೂ ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ನಮ್ಮ ಮೊದಲ ಕೆಲಸ ಮಗುವನ್ನು ನೋಡುವುದು. ಔಷಧ, ಹಾಲು, ಯಂತ್ರ, ದಾಖಲೆ ಎಲ್ಲವೂ ಅದರ ನಂತರ ಬರುತ್ತವೆ.

ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಗರ್ಭದಲ್ಲಿ 37 ವಾರ ತುಂಬುವ ಮೊದಲೇ ಹುಟ್ಟಿದವರು. 28ನೆಯ ವಾರದಲ್ಲಿ ಹುಟ್ಟಿದ ಮಗುವಿನ ತೂಕ ಸುಮಾರು ಒಂದು ಕಿಲೋ ಇರುತ್ತದೆ. ಆ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 90 ಮಿಲಿಲೀಟರ್, ಅಂದರೆ ಒಂದು ಲೋಟದ ಅರ್ಧದಷ್ಟೂ ಆಗುವುದಿಲ್ಲ. ಚರ್ಮ ಬಹಳ ತೆಳು, ಅದರ ಕೆಳಗೆ ಕೊಬ್ಬು ಇನ್ನೂ ಕೂಡಿಕೊಂಡಿರುವುದಿಲ್ಲ, ಆದ್ದರಿಂದ ಮೈಯ ಬಿಸಿ ಬೇಗ ಆರಿಹೋಗುತ್ತದೆ. ಉಸಿರು ಬಿಟ್ಟಾಗ ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ವಸ್ತು ಸಾಕಷ್ಟು ತಯಾರಾಗಿರುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಹೊಂದಿಕೊಂಡು ನಡೆಯಲು ಗರ್ಭದ ವಾರಗಳ ಲೆಕ್ಕದಲ್ಲಿ ಸುಮಾರು 34 ವಾರ ಆಗಬೇಕು. ಅಲ್ಲಿಯವರೆಗೆ ಬಾಯಿಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ಕೊಳವೆಯ ಮೂಲಕ ತಾಯಿಯ ಹಾಲನ್ನು ಮಿಲಿಲೀಟರ್ ಲೆಕ್ಕದಲ್ಲಿ ಕೊಡುತ್ತೇವೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಮಗುವಿಗೆ ಅಳುವಷ್ಟು ಶಕ್ತಿಯೂ ಅನೇಕ ಸಲ ಇರುವುದಿಲ್ಲ. ಎಲ್ಲಿ ನೋವು, ಏನು ಕಷ್ಟ ಎಂದು ಅದು ತನ್ನ ಮೈಯಿಂದಲೇ ಹೇಳಬೇಕು, ಅದನ್ನು ಯಾರಾದರೂ ಕಣ್ಣಿಟ್ಟು ನೋಡಬೇಕು.

ಹಾಗಾದರೆ ನೋಡುವುದು ಹೇಗೆ? ಡ್ಯೂಟಿಗೆ ಬಂದ ಶುಶ್ರೂಷಕಿ, ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆಯಾದ ಇನ್‌ಕ್ಯುಬೇಟರಿನ ಕಿಂಡಿ ತೆರೆಯುವುದಕ್ಕೆ ಮೊದಲು, ಮಗುವನ್ನು ಮುಟ್ಟದೆ, ಒಂದು ನಿಮಿಷ ಸುಮ್ಮನೆ ನಿಂತು ನೋಡಬೇಕು. ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ಉಸಿರು ಬಿಡುವಾಗ ನರಳಿದಂತೆ ಸಣ್ಣ ಸದ್ದು ಬರುತ್ತಿದೆಯೇ ಎಂದು ಗಮನಿಸಬೇಕು. ತುಟಿ ಮತ್ತು ನಾಲಿಗೆಯ ಬಣ್ಣ ಹೇಗಿದೆ, ಕೈಕಾಲು ಮಡಚಿಕೊಂಡಿದೆಯೋ ಜೋತುಬಿದ್ದಿದೆಯೋ, ಹೊಟ್ಟೆ ನಿನ್ನೆಗಿಂತ ಉಬ್ಬಿದೆಯೋ ಎಂದು ನೋಡಬೇಕು. ಆಮೇಲೆ ಎದೆಯ ಮೂಳೆಯ ಮೇಲೆ ಬೆರಳಿನಿಂದ ಮೆಲ್ಲಗೆ ಐದು ಸೆಕೆಂಡು ಒತ್ತಿ ಬಿಡಬೇಕು. ಬಿಳುಚಿದ ಜಾಗಕ್ಕೆ ಮತ್ತೆ ಬಣ್ಣ ಬರಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅದನ್ನು ಆ ಕ್ಷಣವೇ ವೈದ್ಯರಿಗೆ ತಿಳಿಸಬೇಕು. ಮೈಯ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಇಷ್ಟು ಆದ ಮೇಲೆ, ಹೃದಯ ಬಡಿತ, ಉಸಿರು, ಆಮ್ಲಜನಕದ ಅಂಕಿ ತೋರಿಸುವ ಮಾನಿಟರಿನ ಕಡೆ ತಿರುಗಿ.

ಮಾನಿಟರ್ ಬೇಡವೆಂದು ನಾನು ಹೇಳುತ್ತಿಲ್ಲ, ಅದಿಲ್ಲದೆ ನಮ್ಮ ಕೆಲಸ ನಡೆಯದು. ಆದರೆ ಆಮ್ಲಜನಕ ಅಳೆಯಲು ಪಾದಕ್ಕೆ ಸುತ್ತಿದ ಪ್ರೋಬ್ ಸ್ವಲ್ಪ ಸಡಿಲವಾದರೆ ಆಮ್ಲಜನಕದ ಅಂಕಿ ಕುಸಿದುಬಿಡುತ್ತದೆ, ಮಗು ಮಾತ್ರ ಗುಲಾಬಿ ಬಣ್ಣದಲ್ಲಿ ನೆಮ್ಮದಿಯಾಗಿ ಮಲಗಿರುತ್ತದೆ. ಇದಕ್ಕೆ ವಿರುದ್ಧವಾಗಿ, ರಕ್ತದಲ್ಲಿ ಸೋಂಕು ಶುರುವಾಗುತ್ತಿರುವ ಮಗುವಿನ ಅಂಕಿಗಳು ಮೊದಲ ಕೆಲವು ಗಂಟೆ ಸರಿಯಾಗಿಯೇ ಇರಬಹುದು. ಆ ಹೊತ್ತಿಗಾಗಲೇ ಮಗುವಿನ ಮೈಬಣ್ಣ ಬೂದಿಗೆ ತಿರುಗಿರುತ್ತದೆ, ಹಿಂದಿನ ಸಲ ಕೊಟ್ಟ ಹಾಲು ಹೊಟ್ಟೆಯಲ್ಲೇ ಉಳಿದಿರುತ್ತದೆ, ಡೈಪರ್ ಬದಲಿಸುವಾಗ ಕಾಲು ಒದೆಯುತ್ತಿದ್ದ ಮಗು ಒದೆಯುವುದನ್ನು ನಿಲ್ಲಿಸಿರುತ್ತದೆ. ಅನುಭವಸ್ಥ ಶುಶ್ರೂಷಕಿ ಬಂದು ‘ಡಾಕ್ಟರೇ, ಈ ಮಗು ಇವತ್ತು ಯಾಕೋ ಸರಿಯಿಲ್ಲ’ ಎಂದಾಗ ಒಳ್ಳೆಯ ವೈದ್ಯರು ಕಾರಣ ಕೇಳುತ್ತ ನಿಲ್ಲುವುದಿಲ್ಲ, ಎದ್ದು ಬಂದು ಮಗುವನ್ನು ನೋಡುತ್ತಾರೆ. ಅಲಾರಂ ಕೂಗಿದ ಕೂಡಲೇ ಪರದೆಯನ್ನು ದಿಟ್ಟಿಸುತ್ತ ಗುಂಡಿ ಒತ್ತಿ ಸದ್ದಡಗಿಸುವ ಅಭ್ಯಾಸವನ್ನು ನಾನು ಅಲ್ಲಲ್ಲಿ ಕಾಣುತ್ತೇನೆ. ಅದನ್ನು ನೋಡಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಮೊದಲು ಮಗುವನ್ನು ನೋಡಿ. ಉಸಿರು 20 ಸೆಕೆಂಡು ನಿಂತಿದ್ದರೆ ಅಂಗಾಲನ್ನೋ ಬೆನ್ನನ್ನೋ ಮೃದುವಾಗಿ ತೀಡಿ ಅದನ್ನು ಮತ್ತೆ ಉಸಿರಾಡುವಂತೆ ಮಾಡಬೇಕಾದದ್ದು ನಿಮ್ಮ ಕೈ.

ಶುಶ್ರೂಷಕಿಯ ಕಣ್ಣಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ನಾನು ಹೊಸದಾಗಿ ಸೇರಿದವರಿಗೆಲ್ಲ ತಪ್ಪದೆ ಹೇಳುವ ಒಂದು ಘಟನೆಯಿದೆ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದಲ್ಲಿ ರಾಚ್‌ಫರ್ಡ್ ಎಂಬ ಊರಿದೆ. ಅಲ್ಲಿನ ಜನರಲ್ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳ ವಿಭಾಗವನ್ನು ಸಿಸ್ಟರ್ ಜೀನ್ ವಾರ್ಡ್ ಎಂಬವರು ನೋಡಿಕೊಳ್ಳುತ್ತಿದ್ದರು. ಇನ್‌ಕ್ಯುಬೇಟರಿನ ಉಸಿರುಗಟ್ಟುವ ಬಿಸಿಗಿಂತ ಹೊರಗಿನ ಶುದ್ಧ ಗಾಳಿ ಮತ್ತು ಬಿಸಿಲು ಮಕ್ಕಳಿಗೆ ಒಳ್ಳೆಯದು ಎಂಬ ನಂಬಿಕೆ ಅವರದು. ಹವೆ ಬೆಚ್ಚಗಿದ್ದ ದಿನಗಳಲ್ಲಿ ಅವರು ಮಕ್ಕಳನ್ನು ಆಸ್ಪತ್ರೆಯ ಅಂಗಳಕ್ಕೆ ತಳ್ಳಿಕೊಂಡು ಹೋಗಿ, ಮುಖ್ಯ ಶುಶ್ರೂಷಕಿಯಾದ ಮೇಟ್ರನ್ ಬರುವ ಹೊತ್ತಿಗೆ ಮತ್ತೆ ಒಳಗೆ ತಂದು ಮಲಗಿಸುತ್ತಿದ್ದರು. 1956ರ ಬೇಸಿಗೆಯ ಒಂದು ದಿನ ವೈದ್ಯರು ರೌಂಡ್ಸ್‌ಗೆ ಬಂದಾಗ ಸಿಸ್ಟರ್ ವಾರ್ಡ್ ಸಂಕೋಚದಿಂದಲೇ ಒಂದು ಮಗುವಿನ ಬಟ್ಟೆ ಬಿಚ್ಚಿ ತೋರಿಸಿದರು. ಮೈಯೆಲ್ಲ ತಿಳಿ ಹಳದಿ, ಆದರೆ ಒಂದು ಕಡೆ ಗೆರೆ ಎಳೆದಂತೆ ಸ್ಪಷ್ಟವಾದ ತ್ರಿಕೋನಾಕಾರದ ಭಾಗ ಮಾತ್ರ ಗಾಢ ಹಳದಿಯಾಗಿತ್ತು. ಇದಕ್ಕೇನು ಅಯೋಡಿನ್ ಬಳಿದಿದ್ದೀರಾ ಎಂದು ವೈದ್ಯರು ಕೇಳಿದರು. ಇಲ್ಲ, ಇದು ಬಿಸಿಲಿನಿಂದ ಆದದ್ದಿರಬೇಕು ಎಂದರು ಸಿಸ್ಟರ್. ಬಿಸಿಲಿಗೆ ಮೈ ಕಪ್ಪಾಗಲು ದಿನಗಳೇ ಬೇಕಲ್ಲ ಎಂದು ವೈದ್ಯರು ಮತ್ತೆ ಕೇಳಿದಾಗ ಅವರು ಬಿಡಿಸಿ ಹೇಳಿದರು. ಮಗುವಿಗೆ ಕಾಮಾಲೆಯಿದೆ, ಹೊದಿಕೆಯ ತುದಿ ಮುಚ್ಚಿದ್ದ ಜಾಗದಲ್ಲಿ ಆ ಹಳದಿ ಹಾಗೆಯೇ ಉಳಿದಿದೆ, ಬಣ್ಣ ಮಾಸಿರುವುದು ಉಳಿದ ಮೈಯದು ಎಂಬುದು ಅವರ ವಿವರಣೆ.

ವೈದ್ಯರು ಅಂದು ಆ ವಿಷಯವನ್ನು ಅಲ್ಲಿಗೇ ಬಿಟ್ಟರು. ಕೆಲವು ವಾರಗಳ ನಂತರ ತೀವ್ರ ಕಾಮಾಲೆಯಿದ್ದ ಇನ್ನೊಂದು ಮಗುವಿನ ರಕ್ತದ ನಳಿಕೆಯೊಂದು ಅದೇ ಆಸ್ಪತ್ರೆಯಲ್ಲಿ ಕಿಟಕಿಯ ಬಳಿ ಬಿಸಿಲಿನಲ್ಲಿ ಕೆಲವು ಗಂಟೆ ಉಳಿದುಹೋಯಿತು. ಪರೀಕ್ಷಿಸಿದಾಗ ಅದರಲ್ಲಿ, ಕಾಮಾಲೆಯಲ್ಲಿ ಮೈಯನ್ನು ಹಳದಿಯಾಗಿಸುವ ಬಿಲಿರುಬಿನ್ ಎಂಬ ವಸ್ತು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಇತ್ತು. ಆಗ ಸಿಸ್ಟರ್ ತೋರಿಸಿದ ತ್ರಿಕೋನದ ಅರ್ಥ ಹೊಳೆಯಿತು. ಅದೇ ಆಸ್ಪತ್ರೆಯ ಡಾ. ಕ್ರೀಮರ್ ಮತ್ತು ಸಂಗಡಿಗರು ಕಾಮಾಲೆಗೆ ಬೆಳಕಿನ ಚಿಕಿತ್ಸೆಯ ಬಗ್ಗೆ ತಮ್ಮ ಅಧ್ಯಯನವನ್ನು 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ತೀವ್ರ ಕಾಮಾಲೆಗೆ ಮಗುವಿನ ರಕ್ತವನ್ನೇ ಸ್ವಲ್ಪ ಸ್ವಲ್ಪವಾಗಿ ತೆಗೆದು ಬೇರೆ ರಕ್ತ ತುಂಬಬೇಕಾಗಿತ್ತು. ಹಾಗೆ ಮಾಡದೆ ಬಿಟ್ಟರೆ ಬಿಲಿರುಬಿನ್ ಮಿದುಳಿಗೆ ಇಳಿದು ಶಾಶ್ವತ ಹಾನಿ ಮಾಡುತ್ತಿತ್ತು. ಇಂದು ಎಲ್ಲ ಎನ್‌ಐಸಿಯುಗಳಲ್ಲೂ ಕಾಮಾಲೆಯ ಮಕ್ಕಳಿಗಾಗಿ ಉರಿಯುವ ನೀಲಿ ದೀಪದ ಮೂಲದಲ್ಲಿ ಹೊದಿಕೆ ಸರಿಸಿ ಮಗುವನ್ನು ಸರಿಯಾಗಿ ನೋಡಿದ ಒಬ್ಬ ಶುಶ್ರೂಷಕಿ ಇದ್ದಾರೆ. ಚಾರ್ಟಿನಲ್ಲಿ ಆ ತ್ರಿಕೋನ ಬರೆದಿರಲಿಲ್ಲ, ಯಾವ ಯಂತ್ರವೂ ಅದನ್ನು ತೋರಿಸಿರಲಿಲ್ಲ. ಅಂದ ಹಾಗೆ, ಇದನ್ನು ಕೇಳಿದ ತಂದೆತಾಯಿಯರು ದಯವಿಟ್ಟು ಹಳದಿಯಾದ ಮಗುವನ್ನು ಮನೆಯಲ್ಲೇ ಬಿಸಿಲಿಗೆ ಹಿಡಿಯಲು ಹೋಗಬೇಡಿ. ಎಷ್ಟು ಬೆಳಕು, ಎಷ್ಟು ಹೊತ್ತು ಎಂಬುದಕ್ಕೆ ಈಗ ನಿಖರವಾದ ಲೆಕ್ಕವಿದೆ. ಮಗುವನ್ನು ಆಸ್ಪತ್ರೆಗೆ ಕರೆತನ್ನಿ.

ಈ ಘಟನೆಗೆ ಬಹಳ ಹೊತ್ತು ಕೊಟ್ಟೆ, ಉಳಿದದ್ದನ್ನು ಬೇಗ ಹೇಳಬೇಕಾಗಿದೆ. ಕೈ ತೊಳೆಯುವುದರ ಬಗ್ಗೆ ಚರ್ಚೆಯೇ ಬೇಡ. ಉಂಗುರ, ಗಡಿಯಾರ, ಬಳೆ ತೆಗೆದು ಮೊಣಕೈವರೆಗೆ ತೊಳೆದೇ ಒಳಗೆ ಬರಬೇಕು, ಒಂದು ಮಗುವಿನಿಂದ ಇನ್ನೊಂದು ಮಗುವಿಗೆ ಹೋಗುವಾಗ ಮತ್ತೆ ಕೈ ಶುದ್ಧ ಮಾಡಿಕೊಳ್ಳಬೇಕು, ವೈದ್ಯರಿರಲಿ ಅಜ್ಜಿಯಿರಲಿ ಇದರಲ್ಲಿ ವಿನಾಯಿತಿಯಿಲ್ಲ. ಔಷಧದ ಲೆಕ್ಕದಲ್ಲಿ ದಶಮಾಂಶ ಬಿಂದು ಒಂದು ಸ್ಥಾನ ಸರಿದರೆ ಹತ್ತು ಪಟ್ಟು ಔಷಧ ಹೋಗುತ್ತದೆ, ಆದ್ದರಿಂದ ಸಿರಿಂಜನ್ನು ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಪರಿಶೀಲಿಸಬೇಕು. ಡೈಪರ್, ಉಷ್ಣತೆ, ಹಾಲು ಇವನ್ನು ಒಟ್ಟಿಗೆ ಮುಗಿಸಿ ಮಗುವಿಗೆ ಉದ್ದನೆಯ ನಿದ್ದೆ ಸಿಗುವಂತೆ ಮಾಡಬೇಕು, ಏಕೆಂದರೆ ಮಗು ಬೆಳೆಯುವುದು ನಿದ್ದೆಯಲ್ಲಿ. ಇನ್‌ಕ್ಯುಬೇಟರಿನ ಮೇಲೆ ಫೈಲು ಇಟ್ಟು ಬರೆಯಬೇಡಿ, ಹೊರಗೆ ನಿಮಗೆ ಸಣ್ಣದಾಗಿ ಕೇಳುವ ಸದ್ದು ಒಳಗೆ ದೊಡ್ಡದಾಗಿ ಕೇಳುತ್ತದೆ. ರಕ್ತನಾಳಕ್ಕೆ ಹಾಕಿದ ಸೂಜಿಯ ಜಾಗವನ್ನು ಗಂಟೆಗೊಮ್ಮೆ ತೆರೆದು ನೋಡಬೇಕು, ಅಲ್ಲಿ ಊದಿಕೊಂಡರೆ ಚರ್ಮ ಸತ್ತುಹೋಗುವಷ್ಟು ಹಾನಿಯಾಗುತ್ತದೆ. ನೋಡಿ, ಇಲ್ಲಿಯೂ ಅದೇ ಮಾತು ಬಂತು, ಬ್ಯಾಂಡೇಜಿನ ಮೇಲಿಂದ ಊಹಿಸಿದರೆ ಸಾಲದು, ಕಣ್ಣಿಂದ ನೋಡಬೇಕು.

ಇನ್ನು ತಾಯಂದಿರ ವಿಷಯ. ಕೊಲಂಬಿಯಾದ ಬೊಗೋಟಾ ನಗರದಲ್ಲಿ 1978ರಲ್ಲಿ ಡಾ. ಎಡ್ಗರ್ ರೇ ಎಂಬವರು, ಇನ್‌ಕ್ಯುಬೇಟರುಗಳು ಸಾಲದೆ ಹೋದ ಆಸ್ಪತ್ರೆಯಲ್ಲಿ, ಕಡಿಮೆ ತೂಕದ ಮಕ್ಕಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಇರಿಸುವ ಕಾಂಗರೂ ಆರೈಕೆಯನ್ನು ಆರಂಭಿಸಿದರು. ಈಗ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ದಿನಕ್ಕೆ ಕನಿಷ್ಠ 8 ಗಂಟೆ ಮಾಡಬೇಕೆಂದು ಹೇಳುತ್ತದೆ, ತಂದೆಯೂ ಮಾಡಬಹುದು. ಮಗುವಿನ ಬಿಸಿ ಉಳಿಯುತ್ತದೆ, ತಾಯಿಗೆ ಹಾಲು ಹೆಚ್ಚುತ್ತದೆ, ಸೋಂಕು ಕಡಿಮೆಯಾಗುತ್ತದೆ. ಶುಶ್ರೂಷಕಿಯಾಗಿ ನಾನು ಇನ್ನೊಂದು ಲಾಭವನ್ನು ಇದಕ್ಕೆ ಸೇರಿಸುತ್ತೇನೆ. ಅಷ್ಟು ಹೊತ್ತು ಆ ಮಗುವೊಂದನ್ನೇ ನೋಡುತ್ತ ಕೂರಲು ನಮ್ಮಲ್ಲಿ ಯಾರಿಗೂ ಸಾಧ್ಯವಾಗುವುದಿಲ್ಲ, ತಾಯಿಗೆ ಆಗುತ್ತದೆ. ಆದ್ದರಿಂದ ‘ಇವತ್ತು ತೂಕ ಎಷ್ಟಾಯಿತು, ಮನೆಗೆ ಯಾವಾಗ ಕಳಿಸುತ್ತೀರಿ’ ಎಂಬ ಪ್ರಶ್ನೆಗಳ ಜೊತೆಗೆ ನೀವು ಕಂಡದ್ದನ್ನೂ ನಮಗೆ ಹೇಳಿ. ಎದೆಯ ಮೇಲಿದ್ದಾಗ ಮಗುವಿನ ಉಸಿರು ನಿಂತು ನಿಂತು ಬರುತ್ತಿತ್ತೇ, ಪಾದ ತಣ್ಣಗಿತ್ತೇ, ದಿನವೂ ನಿಮ್ಮ ಬೆರಳು ಹಿಡಿಯುತ್ತಿದ್ದ ಕೈ ಇಂದು ಹಿಡಿಯಲಿಲ್ಲವೇ, ಹಾಲು ಹೋಗುವಾಗ ಮುಖದ ಬಣ್ಣ ಬದಲಾಯಿತೇ ಎಂಬುದನ್ನು ತಿಳಿಸಿ. ಸಿಸ್ಟರ್ ಕೆಲಸದಲ್ಲಿದ್ದಾರೆ, ಆಮೇಲೆ ಹೇಳೋಣ ಎಂದು ಕಾಯಬೇಡಿ. ಉಸಿರು ಅಥವಾ ಬಣ್ಣದಲ್ಲಿ ವ್ಯತ್ಯಾಸ ಕಂಡರೆ ಕೂತಲ್ಲಿಂದಲೇ ಜೋರಾಗಿ ಕರೆಯಿರಿ, ರಾತ್ರಿ ಎಷ್ಟು ಹೊತ್ತಾಗಿದ್ದರೂ ನಾವು ಬಂದು ನೋಡುತ್ತೇವೆ.

ನಮಸ್ಕಾರ.